ಜಪಾನ್–ಪೆರು ಅಡುಗೆಯ ದುಬಾರಿ ರೆಸ್ಟೋರೆಂಟಿಗೆ ಅಪ್ಪಯ್ಯ, ಅಮ್ಮನನ್ನು ಕರೆದುಕೊಂಡು ಹೋಗುತ್ತಿದ್ದೇವೆ: ಏನು ತರಿಸಬೇಕು, ಏನು ಕೇಳಬೇಕು?

ಗಂಗೊಳ್ಳಿಯ ಮಗಳು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಅಪ್ಪಯ್ಯ ಮತ್ತು ಅಮ್ಮ ಊರಿನಿಂದ ನಮ್ಮ ಮನೆಗೆ, ಅಂದರೆ ಲಾಸ್ ಏಂಜಲೀಸ್ ಪಕ್ಕಕ್ಕೆ, ಬಂದು ಎರಡು ತಿಂಗಳಾಯಿತು. ಮುಂದಿನ ತಿಂಗಳ ಎರಡನೆಯ ಶನಿವಾರ ಅಪ್ಪಯ್ಯನಿಗೆ ಎಪ್ಪತ್ತು ತುಂಬುತ್ತದೆ. ಊರಿನಲ್ಲಾಗಿದ್ದರೆ ನೆಂಟರಿಷ್ಟರೆಲ್ಲ ಸೇರಿ ಅಂಗಳದಲ್ಲಿ ಎಲೆ ಹಾಕಿ ಊಟ ನಡೆಯುತ್ತಿತ್ತು. ಇಲ್ಲಿ ನಾವು ನಾಲ್ವರೇ. ಆದ್ದರಿಂದ ನಮ್ಮ ಯಜಮಾನರು ಆ ದಿನ ಸಂಜೆ ಏಳು ಗಂಟೆಗೆ, ಜಪಾನ್ ಮತ್ತು ಪೆರು ದೇಶಗಳ ಅಡುಗೆಯನ್ನು ಬೆಸೆದು ಬಡಿಸುವ, ಹೆಸರಿನಲ್ಲಿಯೂ ಬೆಲೆಯಲ್ಲಿಯೂ ಮೇಲಿನ ಸಾಲಿನಲ್ಲಿರುವ ಒಂದು ರೆಸ್ಟೋರೆಂಟಿನಲ್ಲಿ ಮೇಜು ಕಾಯ್ದಿರಿಸಿದ್ದಾರೆ. ಅವರು ಕಚೇರಿಯ ಕೆಲಸದ ನಿಮಿತ್ತ ಅಲ್ಲಿ ಎರಡು ಬಾರಿ ಊಟ ಮಾಡಿದ್ದಾರೆ. ನಾನು ಒಮ್ಮೆಯೂ ಹೋಗಿಲ್ಲ.

ನನ್ನ ಆತಂಕಗಳನ್ನು ಒಂದೊಂದಾಗಿ ಹೇಳುತ್ತೇನೆ. ಅಪ್ಪಯ್ಯ ಗಂಗೊಳ್ಳಿ ಬಂದರಿನ ಪಕ್ಕದಲ್ಲಿಯೇ ಬೆಳೆದವರು. ಕಿವಿರು ಎತ್ತಿ ನೋಡಿ ಮೀನು ಯಾವ ಹೊತ್ತಿಗೆ ದಡ ಮುಟ್ಟಿತೆಂದು ಹೇಳಬಲ್ಲವರು. ಬಂಗುಡೆ, ಕಾಣೆ, ಅಂಜಲ್ ಯಾವುದಾದರೂ ಸರಿ, ಆದರೆ ಬೇಯಿಸದ ಮೀನನ್ನು ಅವರು ಜನ್ಮದಲ್ಲಿ ಬಾಯಿಗೆ ಹಾಕಿದವರಲ್ಲ. ಅಮ್ಮನದು ಬೇರೆಯೇ ಕಥೆ. ಇಪ್ಪತ್ತು ವರ್ಷದ ಹಿಂದೆ ಕೊಲ್ಲೂರಿಗೆ ಹರಕೆ ಹೇಳಿಕೊಂಡಾಗಿನಿಂದ ಅವರು ಮೀನು, ಮಾಂಸ, ಮೊಟ್ಟೆ ಮೂರನ್ನೂ ಬಿಟ್ಟಿದ್ದಾರೆ. ಹಾಲು, ಬೆಣ್ಣೆ, ಈರುಳ್ಳಿ, ಬೆಳ್ಳುಳ್ಳಿಗೆ ಅಡ್ಡಿಯಿಲ್ಲ. ರೆಸ್ಟೋರೆಂಟಿನ ಮೆನುವಿನಲ್ಲಿ ಸಸ್ಯಾಹಾರಕ್ಕೆ ಒಂದು ಗುರುತು ಇದೆಯಾದರೂ ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂದು ತಿಳಿಯುತ್ತಿಲ್ಲ. ಹಾಗೆಯೇ, ಒಂದೊಂದಾಗಿ ತರಿಸುವುದು ಒಳ್ಳೆಯದೋ ಅಥವಾ ಅಡುಗೆಯವರೇ ತಮ್ಮಿಷ್ಟದಂತೆ ಸರದಿಯಲ್ಲಿ ಬಡಿಸುವ 'ಓಮಾಕಾಸೆ' ಎಂಬ ಪದ್ಧತಿ ಒಳ್ಳೆಯದೋ ಎಂಬುದನ್ನೂ ತಿಳಿದವರು ಹೇಳಬೇಕು.

ಕೊನೆಯದು ದುಡ್ಡಿನ ವಿಷಯ. ತಲೆಗೆ 150 ಡಾಲರ್ ಆದರೂ ನಾವು ಸಿದ್ಧರಿದ್ದೇವೆ. ಆದರೆ ಮೆನು ಕೈಗೆ ಬಂದ ಕೂಡಲೇ ಅಪ್ಪಯ್ಯ ಬಲಗಡೆಯ ಅಂಕಿಗಳನ್ನು ರೂಪಾಯಿಗೆ ಗುಣಿಸಿ, ಎಲ್ಲಕ್ಕಿಂತ ಕಡಿಮೆ ಬೆಲೆಯದನ್ನು ತೋರಿಸಿ "ನನಗೆ ಇದೊಂದು ಸಾಕು, ಹಸಿವಿಲ್ಲ" ಎನ್ನುವುದು ಖಂಡಿತ. ಅವರು ಆ ದಿನ ಹೊಟ್ಟೆ ತುಂಬ, ಮನಸ್ಸು ತುಂಬ ಊಟ ಮಾಡಬೇಕು ಎಂಬುದೊಂದೇ ನನ್ನ ಆಸೆ.

ಒಲೆಯ ಮುಂದೆ

ನಮಸ್ಕಾರ. ನಾನು ಶಿರಸಿ ಕಡೆಯವನು. ಇಂಥದೇ ಶೈಲಿಯ ಒಂದು ಅಡುಗೆಮನೆಯಲ್ಲಿ ಆರು ವರ್ಷ ಕೆಲಸ ಮಾಡಿ ಈಗ ಬೇರೆ ಕಡೆ ಇದ್ದೇನೆ. ನಿಮ್ಮ ಪ್ರಶ್ನೆ ಓದಿದಾಗ ಮೊದಲು ನೆನಪಾದದ್ದು ನಮ್ಮ ಭಾಷೆಯದೇ ಒಂದು ವಿಷಯ. ಕರಾವಳಿಯಲ್ಲಿ 'ಹಸಿಮೀನು' ಎಂದರೆ ಒಣಮೀನು ಅಲ್ಲದ್ದು, ತಾಜಾ ಮೀನು ಎಂದರ್ಥ. ಬೇಯಿಸದ್ದಕ್ಕೂ ನಾವು 'ಹಸಿ' ಎಂದೇ ಅನ್ನುತ್ತೇವೆ. ನಿಮ್ಮ ಅಪ್ಪಯ್ಯನವರು ಬದುಕಿಡೀ ಒಳ್ಳೆಯ ಅರ್ಥದಲ್ಲಿ ಬಳಸಿದ ಮಾತು ಈ ಮೇಜಿನ ಮೇಲೆ ಅಂಜಿಕೆಯ ಮಾತಾಗುತ್ತದೆ. ಆ ಅಂಜಿಕೆಗೆ ಆಧಾರವಿಲ್ಲದಿಲ್ಲ. ಸಮುದ್ರದ ಮೀನಿನಲ್ಲಿ ಅನಿಸಾಕಿಸ್ ಎಂಬ ಹುಳುವಿನ ಮರಿಗಳು ಇರಬಹುದು. ಅದಕ್ಕಾಗಿಯೇ ಅಮೆರಿಕದ ಆಹಾರ ನಿಯಮಗಳ ಪ್ರಕಾರ, ಹಸಿಯಾಗಿ ಬಡಿಸುವ ಹೆಚ್ಚಿನ ಮೀನುಗಳನ್ನು ಮೊದಲೇ ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗೆ 7 ದಿನ, ಇಲ್ಲವೇ 35 ಡಿಗ್ರಿ ಕೆಳಗೆ ಗಟ್ಟಿಯಾಗಿಸಿ ಅಲ್ಲಿಯೇ 15 ಗಂಟೆ ಇಟ್ಟಿರಬೇಕು. ಟ್ಯೂನಾದಂತಹ ಕೆಲವಕ್ಕೆ ಮಾತ್ರ ವಿನಾಯಿತಿ ಇದೆ. ಹಾಗಾಗಿ ಒಳ್ಳೆಯ ಜಾಗದಲ್ಲಿ ನಿಮ್ಮ ತಟ್ಟೆಗೆ ಬರುವ ಹಸಿಮೀನು ಹೆಚ್ಚಿನ ಸಲ ಈ ಶೈತ್ಯವನ್ನು ದಾಟಿಯೇ ಬಂದಿರುತ್ತದೆ. ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲಿಯೇ ತಿದ್ದುತ್ತೇನೆ. ಪೆರುವಿನ ಸೆವಿಚೆಯಲ್ಲಿ ನಿಂಬೆರಸ ಬಿದ್ದ ಮೀನು ಬೆಳ್ಳಗಾಗಿ ಬೆಂದಂತೆ ಕಾಣುತ್ತದೆ. ಹುಳಿಯಿಂದ ಅದರ ಪ್ರೋಟೀನು ಬಿಗಿಯುವುದು ನಿಜ, ಆದರೆ ಹುಳುವಾಗಲಿ ಬ್ಯಾಕ್ಟೀರಿಯಾ ಆಗಲಿ ಅದರಿಂದ ಸಾಯುತ್ತದೆಂದು ನೆಚ್ಚಿಕೊಳ್ಳುವಂತಿಲ್ಲ. ಅಪ್ಪಯ್ಯನವರಿಗೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಕಾಯಿಲೆಯಾಗಲಿ ಔಷಧಿಯಾಗಲಿ ಇದ್ದರೆ ಹಸಿಯದನ್ನು ಬಿಟ್ಟುಬಿಡಿ. ಇಲ್ಲವಾದರೂ ವಯಸ್ಸು ಎಪ್ಪತ್ತಾದ್ದರಿಂದ ಅವರ ವೈದ್ಯರನ್ನು ಒಂದು ಮಾತು ಕೇಳಿಕೊಂಡು ಹೋಗಿ.

ಏನೇ ಆಗಲಿ, ಹಸಿಯದರಿಂದ ಆರಂಭಿಸಬೇಡಿ. ಮೊದಲು ಬಿಸಿಯಾದ, ಬೆಂದ ಮೀನು ಮೇಜಿಗೆ ಬರಲಿ. ಈ ಶೈಲಿಯ ಬಹುತೇಕ ಮೆನುಗಳಲ್ಲಿರುವ ಮಿಸೊ, ಅಂದರೆ ಸೋಯಾ ಕಾಳನ್ನು ಉಪ್ಪು ಸೇರಿಸಿ ಹುದುಗಿಸಿದ ಜಪಾನಿ ಮುದ್ದೆ, ಹಚ್ಚಿದ ಬ್ಲ್ಯಾಕ್ ಕಾಡ್ ತರಿಸಿ. ಹೆಸರಿನಲ್ಲಿ ಕಾಡ್ ಎಂದಿದ್ದರೂ ಅದು ಕಾಡ್ ಜಾತಿಯ ಮೀನಲ್ಲ. ಉತ್ತರ ಪೆಸಿಫಿಕ್‌ನ ಆಳ ನೀರಿನ ಸೇಬಲ್‌ಫಿಶ್. ಮೈತುಂಬ ಕೊಬ್ಬು ಇರುವ ಮೀನು ಅದು. ಬಿಳಿ ಮಿಸೊ, ಸಕ್ಕರೆ, ಅಕ್ಕಿಯ ಮದ್ಯವಾದ ಸಾಕೆ, ಅಡುಗೆಗೆ ಬಳಸುವ ಸಿಹಿ ಮದ್ಯವಾದ ಮಿರಿನ್ ಇವನ್ನು ಕಾಯಿಸಿ ಆರಿಸಿ, ಆ ಲೇಪದಲ್ಲಿ ತುಂಡುಗಳನ್ನು ಎರಡು ಮೂರು ದಿನ ಮುಳುಗಿಸಿ ತಣ್ಣಗಿನ ಜಾಗದಲ್ಲಿ ಇಡುತ್ತೇವೆ. ಬಡಿಸುವ ಹೊತ್ತಿಗೆ ಲೇಪವನ್ನು ಬೆರಳಿನಿಂದ ಒರೆಸಿ ತೆಗೆಯುತ್ತೇವೆಯೇ ಹೊರತು ತೊಳೆಯುವುದಿಲ್ಲ. ಉರಿಯ ಕೆಳಗೆ ಇಟ್ಟಾಗ ಮೇಲ್ಮೈಯಲ್ಲಿ ಸಕ್ಕರೆ ಕಂದುಗಟ್ಟಿ ಅಂಚುಗಳು ಸ್ವಲ್ಪ ಕರಿಯಾಗುತ್ತವೆ. ಚಾಪ್‌ಸ್ಟಿಕ್ ತಾಗಿಸಿದರೆ ಸಾಕು, ಮೀನು ಪದರ ಪದರವಾಗಿ ತಾನೇ ಬಿಡಿಸಿಕೊಳ್ಳುತ್ತದೆ. ಮೀನು ಬಲ್ಲವರು ಯಾರೂ ಇದನ್ನು ಅರ್ಧಕ್ಕೆ ಬಿಟ್ಟದ್ದನ್ನು ನಾನು ಆ ಆರು ವರ್ಷಗಳಲ್ಲಿ ಕಂಡಿಲ್ಲ.

ಇದನ್ನು ಜಗತ್ತಿಗೆ ಪರಿಚಯಿಸಿದ ನೊಬು ಮಾತ್ಸುಹಿಸಾ ಅವರ ಬದುಕಿನ ಹಾದಿಯನ್ನು ಊಟದ ನಡುವೆ ಅಪ್ಪಯ್ಯನವರಿಗೆ ಹೇಳಿ, ಅವರಿಗೆ ಹಿಡಿಸಬಹುದು. 1949ರಲ್ಲಿ ಜಪಾನಿನ ಸೈತಾಮಾದಲ್ಲಿ ಹುಟ್ಟಿದ ಅವರು ಟೋಕಿಯೊದ ಸುಶಿ ಅಂಗಡಿಯಲ್ಲಿ ಕೆಲಸ ಕಲಿತು 1973ರಲ್ಲಿ ಪೆರುವಿನ ಲಿಮಾಕ್ಕೆ ಹೋದರು. ತಮ್ಮ ದೇಶದ ಸಾಮಗ್ರಿಗಳೆಲ್ಲ ಅಲ್ಲಿ ಸಿಗದ ಕಾರಣ ಅಲ್ಲಿನ ಮೆಣಸಿನಕಾಯಿ, ನಿಂಬೆ, ಕೊತ್ತಂಬರಿಗಳನ್ನೇ ಜಪಾನಿ ಮೀನಿನ ಕೆಲಸಕ್ಕೆ ಒಗ್ಗಿಸಿಕೊಂಡರು. ಆಮೇಲೆ ಅರ್ಜೆಂಟೀನಾ, ಅದಾದ ಮೇಲೆ ಅಲಾಸ್ಕಾದ ಆ್ಯಂಕರೇಜ್. ಅಲ್ಲಿ ತೆರೆದ ರೆಸ್ಟೋರೆಂಟ್ ಎರಡು ತಿಂಗಳು ತುಂಬುವ ಮೊದಲೇ ಬೆಂಕಿಗೆ ಆಹುತಿಯಾಯಿತು. 1977ರಲ್ಲಿ ಲಾಸ್ ಏಂಜಲೀಸಿಗೆ ಬಂದು ಹತ್ತು ವರ್ಷ ದುಡಿದ ಮೇಲೆ, 1987ರಲ್ಲಿ ಬೆವರ್ಲಿ ಹಿಲ್ಸ್‌ನಲ್ಲಿ ತಮ್ಮದೇ ಹೆಸರಿನ ಸಣ್ಣ ರೆಸ್ಟೋರೆಂಟ್ ತೆರೆದರು. ನಟ ರಾಬರ್ಟ್ ಡಿ ನಿರೊ ಜೊತೆಗೂಡಿ ನ್ಯೂಯಾರ್ಕಿನಲ್ಲಿ 'ನೊಬು' ತೆರೆದದ್ದು 1994ರಲ್ಲಿ. ಮೀನನ್ನು ಮಿಸೊದಲ್ಲಿ ಇಟ್ಟು ಸುಡುವುದು ಕ್ಯೋಟೊದ ಹಳೆಯ ಪದ್ಧತಿಯೇ. ಅದನ್ನು ಎಲ್ಲರ ನಾಲಗೆಗೆ ತಲುಪಿಸಿದ ಹಿರಿಮೆ ಅವರದು.

ಬ್ಲ್ಯಾಕ್ ಕಾಡ್ ಆದ ಮೇಲೆ, ಅಪ್ಪಯ್ಯನವರ ಮುಖ ನೋಡಿಕೊಂಡು, ಒಂದೇ ಒಂದು ತಟ್ಟೆ ತಿರಾದಿತೊ ತರಿಸಿ. ಅದು ತೆಳ್ಳಗೆ ಹೆರೆದ ಮೀನಿನ ಮೇಲೆ ನಿಂಬೆ ಮತ್ತು ಹಳದಿ ಮೆಣಸಿನ ರಸ ಹಾಕಿದ್ದು. ಇನ್ನೊಂದು ದಾರಿಯೂ ಇದೆ. ಹಸಿಯೆಂದು ಗಿರಾಕಿಯೊಬ್ಬರು ಹಿಂದಿರುಗಿಸಿದ ತಟ್ಟೆಯ ಮೇಲೆ ನೊಬು ಅವರು ಚೆನ್ನಾಗಿ ಕಾದ ಎಣ್ಣೆ ಸುರಿದು ಮತ್ತೆ ಕಳುಹಿಸಿದರಂತೆ. ಸಾಶಿಮಿ ಎಂದರೆ ಹಸಿಮೀನಿನ ತೆಳು ಹೋಳು; 'ನ್ಯೂ ಸ್ಟೈಲ್ ಸಾಶಿಮಿ' ಎಂಬ ಹೆಸರಿನಲ್ಲಿ ಅದು ಈಗ ಹಲವು ಕಡೆ ಸಿಗುತ್ತದೆ. ನಮ್ಮ ಒಗ್ಗರಣೆ ಬಿದ್ದಾಗಿನಂತೆ ಮೇಲೆ 'ಚುಂಯ್' ಎಂದು ಸದ್ದಾಗಿ, ಮೀನಿನ ಮೇಲ್ಪದರ ಬೆಳ್ಳಗಾಗುತ್ತದೆ. ಬೇಯಿಸಿದ್ದಕ್ಕೂ ಹಸಿಯದಕ್ಕೂ ನಡುವಿನ ಮೆಟ್ಟಿಲು ಅದು.

ಓಮಾಕಾಸೆ ಎಂದರೆ 'ನಿಮಗೇ ಬಿಟ್ಟೆ' ಎಂದರ್ಥ. ಮಾತಿನಲ್ಲಿ ಚೆನ್ನಾಗಿದೆ, ಆದರೆ ನಿಮ್ಮ ನಾಲ್ವರಿಗೆ ನಾನು ಅದನ್ನು ಸಲಹೆ ಮಾಡುವುದಿಲ್ಲ. ಅಮ್ಮನವರಿಗೆ ಬೇರೆ ಸರದಿ, ಅಪ್ಪಯ್ಯನವರಿಗೆ ಬೇರೆ ಸರದಿ ನಡೆದು, ಒಬ್ಬರ ತಟ್ಟೆ ಖಾಲಿ ಇರುವಾಗ ಇನ್ನೊಬ್ಬರು ಉಣ್ಣುವಂತಾಗುತ್ತದೆ. ಕೌಂಟರ್‌ನ ಎತ್ತರದ ಕುರ್ಚಿಗಳಲ್ಲಿ ಎರಡು ಗಂಟೆ ಕೂರುವುದು ಹಿರಿಯರ ಬೆನ್ನಿಗೆ ಕಷ್ಟ, ಮೇಜನ್ನೇ ಕೇಳಿ. ಬೆಲೆಯ ವಿಷಯಕ್ಕೆ ಬಂದರೆ, ಎರಡು ದಿನ ಮೊದಲೇ ದೂರವಾಣಿಯಲ್ಲಿ ಮಾತನಾಡಿ, ಏನೇನು ಬೇಕೆಂದು ನೀವೇ ಹೇಳಿ ಮುಗಿಸಿ, "ಮೇಜಿಗೆ ಮೆನು ತರಬೇಡಿ" ಎಂದುಬಿಡಿ. ಹುಟ್ಟುಹಬ್ಬಕ್ಕೆಂದು ಎಷ್ಟೋ ಜನ ಹಾಗೆ ಕೇಳುತ್ತಾರೆ, ಅವರಿಗೆ ಅದು ಹೊಸದಲ್ಲ. ಶೇಕಡಾ 18ರಿಂದ 20ರಷ್ಟು ಟಿಪ್ಸ್ ಇಲ್ಲಿನ ರೂಢಿ. ಬಿಲ್ಲಿನಲ್ಲಿ ಸೇವಾ ಶುಲ್ಕ ಮೊದಲೇ ಸೇರಿದೆಯೇ ಎಂದು ನೋಡಿಕೊಂಡು ಕೊಡಿ. ಸುಶಿಯನ್ನು ಕೈಯಿಂದ ತಿನ್ನುವುದು ಜಪಾನಿನಲ್ಲಿಯೂ ಸರಿಯಾದ ಕ್ರಮವೇ. ಅಪ್ಪಯ್ಯನವರು ಸಂಕೋಚಪಡಬೇಕಾದ್ದಿಲ್ಲ.

ಅಮ್ಮನವರ ಊಟದ ಬಗ್ಗೆ ನನಗಿಂತ ಚೆನ್ನಾಗಿ ಹೇಳಬಲ್ಲವರು ಇಲ್ಲಿದ್ದಾರೆ.

ಸಾರಿನ ಪಾತ್ರೆ

ಹುಟ್ಟಿನಿಂದ ಸಸ್ಯಾಹಾರಿಯಾದ ನಾನು ಹದಿನಾಲ್ಕು ವರ್ಷಗಳಿಂದ ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ಅಮ್ಮನವರ ವಿಷಯವನ್ನು ನೀವು ಮುಂದಾಗಿಯೇ ಯೋಚಿಸಿದ್ದು ನೋಡಿ ತುಂಬ ಸಮಾಧಾನವಾಯಿತು, ಏಕೆಂದರೆ ನನ್ನ ಅತ್ತೆಯವರ ವಿಷಯದಲ್ಲಿ ನಾನು ಹಾಗೆ ಯೋಚಿಸಿರಲಿಲ್ಲ. ಕೆಲವು ವರ್ಷಗಳ ಹಿಂದೆ ಅವರನ್ನು ಇಂಥದೇ ಒಂದು ದುಬಾರಿ ಜಾಗಕ್ಕೆ ಕರೆದೊಯ್ದು, "ಮೀನು, ಮಾಂಸ ಯಾವುದೂ ಬೇಡ" ಎಂದು ಎರಡು ಬಾರಿ ಹೇಳಿ, ಬದನೆಕಾಯಿಯ ಒಂದು ಖಾದ್ಯ ತರಿಸಿದೆವು. ಬಂದ ಬದನೆಕಾಯಿಯ ಮೇಲೆ ಹೆರೆದ ಮರದ ಸಿಪ್ಪೆಯಂತಹ ನಸುಗೆಂಪು ಚೂರುಗಳಿದ್ದವು. ಬಿಸಿ ಹಬೆಗೆ ಅವು ಜೀವವಿದ್ದಂತೆ ಮೆಲ್ಲಗೆ ಅಲುಗಾಡುತ್ತಿದ್ದವು. ಅತ್ತೆಯವರು ಈರುಳ್ಳಿ ಸಿಪ್ಪೆಯಿರಬೇಕೆಂದು ಎರಡು ತುತ್ತು ತಿಂದ ಮೇಲೆ ನನಗೆ ಅನುಮಾನ ಬಂದು ಕೇಳಿದರೆ, ಅದು ಕತ್ಸುಒಬುಶಿ, ಹೊಗೆಯಲ್ಲಿ ಒಣಗಿಸಿ ಕಲ್ಲಿನಂತಾಗಿಸಿದ ಸ್ಕಿಪ್‌ಜ್ಯಾಕ್ ಟ್ಯೂನಾ ಮೀನಿನ ಹೆರತ. ಬಡಿಸಿದ ಹುಡುಗ ಕ್ಷಮೆ ಕೇಳಿದ. ಅವನ ಮಟ್ಟಿಗೆ ಅದು ಬರೀ ಮೇಲೆ ಉದುರಿಸುವ ಅಲಂಕಾರವಾಗಿತ್ತು. ಅತ್ತೆಯವರು ಯಾರನ್ನೂ ಬೈಯಲಿಲ್ಲ, ಆದರೆ ಆ ರಾತ್ರಿ ಮತ್ತೇನನ್ನೂ ಮುಟ್ಟಲಿಲ್ಲ.

ಆದ್ದರಿಂದ ಮೆನುವಿನ ಎಲೆ ಗುರುತನ್ನು ನಂಬಬೇಡಿ, ಅಡುಗೆಮನೆಯನ್ನು ಕೇಳಿ. ನಮ್ಮಲ್ಲಿ ಬೇಳೆ ಕಟ್ಟಿನ ಹಾಗೆ ಜಪಾನಿ ಅಡುಗೆಗೆ 'ದಾಶಿ' ಎಂಬ ಸಾರವೇ ತಳಹದಿ, ಮತ್ತು ಸಾಮಾನ್ಯ ದಾಶಿ ಕೊಂಬು ಎಂಬ ಕಡಲಕಳೆ ಹಾಗೂ ಈ ಕತ್ಸುಒಬುಶಿ ಎರಡನ್ನೂ ಸೇರಿಸಿ ತೆಗೆದದ್ದು. ಮಿಸೊ ಸೂಪು, ಸೋಯಾ ಹಾಲಿನ ಪನೀರಿನಂತಹ ತೋಫು ಮೇಲೆ ಸುರಿಯುವ ರಸ, ಬಜ್ಜಿಯಂತೆ ಹಿಟ್ಟಿನಲ್ಲಿ ಕರಿದ ಟೆಂಪುರಾವನ್ನು ಅದ್ದುವ ನೀರು, ಹಲವು ಕಡೆ ಪೊನ್‌ಜು ಎಂಬ ಹುಳಿ ಸೋಯಾ ಸಾಸ್ ಕೂಡ, ಎಲ್ಲದರಲ್ಲಿಯೂ ಅದು ಕಣ್ಣಿಗೆ ಕಾಣದೆ ಇರುತ್ತದೆ. ಬೇರೆ ಏಷ್ಯಾ ದೇಶಗಳ ರುಚಿಗಳನ್ನೂ ಬೆರೆಸುವ ಅಡುಗೆಮನೆಯಾದರೆ ಥಾಯ್ ಮೀನಿನ ಸಾಸ್, ಆಯ್ಸ್ಟರ್ ಸಾಸ್, ಸೀಗಡಿ ಹಾಕಿದ ಕಿಮ್ಚಿ ಎಂಬ ಕೊರಿಯಾದ ಹುದುಗಿಸಿದ ತರಕಾರಿ ಇವನ್ನೂ ಕೇಳಿಯೇ ತಿಳಿಯಬೇಕು. ಟೆಂಪುರಾ ಹಿಟ್ಟಿನಲ್ಲಿ ಹೆಚ್ಚಾಗಿ ಮೊಟ್ಟೆ ಇರುತ್ತದೆ, ಅದನ್ನು ಕರಿಯುವ ಎಣ್ಣೆಯಲ್ಲಿಯೇ ಸೀಗಡಿಯನ್ನೂ ಕರಿಯುತ್ತಾರೆ. ಪೆರುವಿನ ಕಡೆಯ ಖಾದ್ಯಗಳಲ್ಲಿ ಮೆಯೊನೇಸ್ ಮೂಲಕ ಮೊಟ್ಟೆ ನುಸುಳುತ್ತದೆ.

ಹಾಗೆಂದು ನಿರಾಶರಾಗಬೇಡಿ. ಜಪಾನಿನ ಬೌದ್ಧ ಮಠಗಳಲ್ಲಿ ಶೋಜಿನ್ ಎಂಬ ಸಸ್ಯಾಹಾರಿ ಅಡುಗೆ ಶತಮಾನಗಳಿಂದ ನಡೆದುಬಂದಿದೆ. ಅಲ್ಲಿ ಕೊಂಬು ಮತ್ತು ಒಣ ಶಿಟಾಕೆ ಅಣಬೆಗಳಿಂದಲೇ ದಾಶಿ ತೆಗೆಯುತ್ತಾರೆ. ರುಚಿ ಕಡಿಮೆಯಾಗುತ್ತದೆಂಬ ಮಾತು ತಪ್ಪು. 1908ರಲ್ಲಿ ಟೋಕಿಯೊದ ರಸಾಯನಶಾಸ್ತ್ರಜ್ಞ ಕಿಕುನಾಎ ಇಕೆಡಾ ಅವರು ಗ್ಲುಟಮೇಟ್ ಎಂಬ ರುಚಿ ಕೊಡುವ ವಸ್ತುವನ್ನು ಬೇರ್ಪಡಿಸಿ ಅದರ ರುಚಿಗೆ 'ಉಮಾಮಿ' ಎಂದು ಹೆಸರಿಟ್ಟದ್ದು ಇದೇ ಕೊಂಬುವಿನಿಂದ. ಮೊದಲೇ ಹೇಳಿದರೆ ಒಳ್ಳೆಯ ಅಡುಗೆಯವರು ಅಮ್ಮನವರಿಗೆಂದು ಅಂಥ ದಾಶಿಯನ್ನು ಬೇರೆಯಾಗಿ ಮಾಡಿಡುತ್ತಾರೆ. ಅದೇ ದಿನ ಮೇಜಿನ ಬಳಿ ಹೇಳಿದರೆ ಅವರ ಕೈಯಲ್ಲಿಯೂ ಏನೂ ಇರುವುದಿಲ್ಲ. ಅಮ್ಮನವರಿಗೆ ನನ್ನ ಮೊದಲ ಆಯ್ಕೆ ಬದನೆಕಾಯಿ ದೆಂಗಾಕು: ಉದ್ದಕ್ಕೆ ಸೀಳಿದ ಬದನೆಕಾಯಿಗೆ ಗೀಟು ಹಾಕಿ, ಎಣ್ಣೆಯಲ್ಲಿ ಮೆತ್ತಗಾಗಿಸಿ, ಮೇಲೆ ಸಿಹಿ ಮಿಸೊ ಹಚ್ಚಿ ಸುಟ್ಟದ್ದು. ಎಣ್ಣೆಗಾಯಿ ಬಲ್ಲವರಿಗೆ ಬದನೆಕಾಯಿ ಹೀಗೆ ಕರಗುವುದು ಹೊಸದಲ್ಲ, ಮಿಸೊ ಮಾತ್ರ ಹೊಸದು. ಒಂದು ಮಾತನ್ನು ಅವರಿಗೆ ಮುಚ್ಚಿಡಬೇಡಿ. ಮಿರಿನ್‌ನಲ್ಲಿ ಮದ್ಯಾಂಶವಿದೆ, ಬೇಯಿಸಿದಾಗ ಬಹುಪಾಲು ಆರಿದರೂ ಪೂರ್ತಿ ಹೋಗುವುದಿಲ್ಲ. ಹರಕೆ ಅವರದು; ತಿನ್ನಬೇಕೋ ಬೇಡವೋ ಎಂದು ಅವರೇ ತೀರ್ಮಾನಿಸಲಿ.

ಕಡಲಾಚೆ

ನಾನು ಲಿಮಾದಲ್ಲಿ ಎರಡು ವರ್ಷ ಕೆಲಸದ ಮೇಲೆ ಇದ್ದವನು. ಮೇಲಿನ ಇಬ್ಬರೂ ಹೇಳಬೇಕಾದ್ದನ್ನು ಹೇಳಿದ್ದಾರೆ. ಒಂದು ವಿಷಯವನ್ನು ಮಾತ್ರ ಸೇರಿಸುತ್ತೇನೆ, ಏಕೆಂದರೆ ಈ ಅಡುಗೆಯನ್ನು 'ಫ್ಯೂಷನ್' ಎಂಬ ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದು ನನಗೆ ಸರಿ ಕಾಣುವುದಿಲ್ಲ. ಶ್ರೀಮಂತರ ಮೇಜಿಗಿಂತ ಬಹಳ ಮೊದಲೇ ಇದು ಕೂಲಿಕಾರರ ಮನೆಯಲ್ಲಿ ಹುಟ್ಟಿತು. 1899ರಲ್ಲಿ ಸಕುರಾ ಮಾರು ಎಂಬ ಹಡಗಿನಲ್ಲಿ 790 ಜಪಾನಿಯರು ಕರಾರಿನ ಮೇಲೆ ಪೆರುವಿನ ತೋಟಗಳಿಗೆ, ಬಹುಪಾಲು ಕಬ್ಬಿನ ತೋಟಗಳಿಗೆ, ಬಂದಿಳಿದರು. ಅವರಿಗಿಂತ ಅರ್ಧ ಶತಮಾನ ಮೊದಲೇ ಚೀನಿಯರು ಬಂದಿದ್ದರು. ಕರಾರು ಮುಗಿದ ಮೇಲೆ ಹಲವರು ಲಿಮಾ ಸೇರಿ ಸಣ್ಣ ಅಂಗಡಿ, ಊಟದ ಮನೆಗಳನ್ನು ನಡೆಸಿದರು. ಹಿಂದೆ ಪೆರುವಿನವರು ಸೆವಿಚೆಯ ಮೀನನ್ನು ಹುಳಿಯಲ್ಲಿ ಗಂಟೆಗಟ್ಟಲೆ ನೆನೆಸುತ್ತಿದ್ದರು. ಅದು ಈಗ ನಿಮಿಷಗಳಿಗೆ ಇಳಿದಿದ್ದರೆ ಅದಕ್ಕೆ ಜಪಾನಿ ಕೈಗಳು ಕಾರಣವೆಂದು ಅಲ್ಲಿನವರೇ ಹೇಳುತ್ತಾರೆ. ವಲಸೆ ಬಂದವರ ಸಂತತಿಯನ್ನು ಸೂಚಿಸುವ 'ನಿಕ್ಕೆಯಿ' ಎಂಬ ಪದವೇ ಈ ಅಡುಗೆಯ ಹೆಸರಾಯಿತು.

ಅಮ್ಮನವರಿಗೆ ಪೆರುವಿನ ಕಡೆಯಿಂದಲೂ ಎರಡು ತಟ್ಟೆ ಸಿಗುತ್ತವೆ. ಆಲೂಗಡ್ಡೆಯ ತವರು ಆ್ಯಂಡೀಸ್ ಬೆಟ್ಟಸೀಮೆ. ಬೇಯಿಸಿ ನುಣ್ಣಗೆ ಮಿದ್ದ ಹಳದಿ ಆಲೂಗಡ್ಡೆಗೆ ನಿಂಬೆರಸ ಮತ್ತು ಆಹಿ ಅಮರಿಯೊ ಎಂಬ ಮೆಣಸಿನಕಾಯಿ ಬೆರೆಸಿ, ತಣ್ಣಗೆ ಪದರ ಕಟ್ಟಿ ಬಡಿಸುವ 'ಕೌಸಾ'ವನ್ನು ಬರೀ ಬೆಣ್ಣೆಹಣ್ಣು ತುಂಬಿಸಿ, ಮೆಯೊನೇಸ್ ಇಲ್ಲದೆ ಮಾಡಿಕೊಡಿ ಎಂದು ಕೇಳಿ. ಇನ್ನೊಂದು, ಅದೇ ಮೆಣಸಿನಕಾಯಿಯನ್ನು ತಾಜಾ ಚೀಸ್ ಮತ್ತು ಹಾಲಿನೊಂದಿಗೆ ರುಬ್ಬಿದ ಉವಾಂಕಾಯಿನಾ ಸಾಸ್ ಹಾಕಿದ ಆಲೂಗಡ್ಡೆ. ಮೇಲಿನ ಮೊಟ್ಟೆಯನ್ನು ಬಿಡಲು ಹೇಳಿದರಾಯಿತು. ಆ ಖಾರ ಅಮ್ಮನವರಿಗೆ ಹೊರಗಿನದೆನಿಸಲಾರದು. ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಪೂರ್ವಿಕರು ಪೋರ್ಚುಗೀಸರ ಕಾಲದಲ್ಲಿ ಬಂದದ್ದು ಅಮೆರಿಕ ಖಂಡಗಳಿಂದಲೇ, ಗೇರು ಮತ್ತು ಅನಾನಸಿನ ಹಾಗೆಯೇ. ಅನಾನಸಿನ ಮೆಣಸ್ಕಾಯಿ ಇಲ್ಲದ ಮದುವೆ ಊಟವನ್ನು ನಮ್ಮ ಕರಾವಳಿಯವರು ಇಂದು ಊಹಿಸಿಕೊಳ್ಳುವುದೂ ಕಷ್ಟ, ಆದರೆ ಅದೂ ಎರಡು ಖಂಡಗಳು ಒಂದೇ ಬಾಣಲೆಯಲ್ಲಿ ಸೇರಿದ ಅಡುಗೆಯೇ.

ಚಾಪ್‌ಸ್ಟಿಕ್ ಬಗ್ಗೆ ಒಂದು ಮಾತು. ಅನ್ನದಲ್ಲಿ ಅದನ್ನು ನೆಟ್ಟಗೆ ಚುಚ್ಚಿ ನಿಲ್ಲಿಸಬಾರದು. ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತುಂಡು ದಾಟಿಸಬಾರದು. ಎರಡೂ ಜಪಾನಿನಲ್ಲಿ ಸಾವಿನ ಕಾರ್ಯಕ್ಕೆ ಸೇರಿದವು. ಎಲೆ ಮಡಿಸುವುದರಲ್ಲಿಯೂ ಶುಭ, ಅಶುಭ ನೋಡುವ ನಮ್ಮ ಹಿರಿಯರಿಗೆ ಇದನ್ನು ಒಮ್ಮೆ ಹೇಳಿದರೆ ಸಾಕು.

ಗಂಗೊಳ್ಳಿಯ ಮಗಳು

ಮೂವರಿಗೂ ಮನಃಪೂರ್ವಕ ವಂದನೆಗಳು. ಊಟ ನಿನ್ನೆ ರಾತ್ರಿ ಮುಗಿಯಿತು; ನೆನಪು ಹಸಿಯಾಗಿರುವಾಗಲೇ ಬರೆಯುತ್ತಿದ್ದೇನೆ.

ನೀವು ಹೇಳಿದಂತೆ ಮೂರು ದಿನ ಮೊದಲು ದೂರವಾಣಿ ಮಾಡಿದೆ. ಮೊದಲು ಮಾತನಾಡಿದವರು "ನಮ್ಮಲ್ಲಿ ಸಸ್ಯಾಹಾರ ಬೇಕಾದಷ್ಟಿದೆ" ಎಂದಷ್ಟೇ ಹೇಳಿದರು. ದಾಶಿಯಲ್ಲಿ ಏನಿದೆ ಎಂದು ನಾನು ಕೇಳಿದ ಮೇಲೆ ಒಂದು ಕ್ಷಣ ಸುಮ್ಮನಿದ್ದು, ಅಡುಗೆಮನೆಯವರಿಗೇ ಫೋನು ಕೊಟ್ಟರು. ಆ ಹೆಂಗಸು ಎಲ್ಲವನ್ನೂ ತಾಳ್ಮೆಯಿಂದ ಬರೆದುಕೊಂಡು, ಕೊಂಬು ಮತ್ತು ಅಣಬೆಯ ಸಾರವನ್ನು ಬೇರೆ ಪಾತ್ರೆಯಲ್ಲಿ ಮಾಡಿಸುವುದಾಗಿ ಹೇಳಿದರು, ಮಾಡಿಸಿಯೂ ಇದ್ದರು. ಅಮ್ಮ ಆ ಸೂಪನ್ನು ಬಟ್ಟಲು ಎತ್ತಿ ಕುಡಿದು, "ಇದಕ್ಕೆ ಒಂದು ಚೂರು ಕಾಳುಮೆಣಸು ಬಿದ್ದರೆ ಬಾಣಂತಿಗೂ ಕೊಡಬಹುದು" ಎಂದರು. ಮಿರಿನ್ ವಿಷಯವನ್ನು ಮನೆಯಲ್ಲಿಯೇ ಹೇಳಿದ್ದೆ. ಸ್ವಲ್ಪ ಹೊತ್ತು ಯೋಚಿಸಿ, ಅದು ಬೇಡವೆಂದರು. ಹಾಗಾಗಿ ಅವರ ಬದನೆಕಾಯಿಗೆ ಮಿಸೊ, ಸಕ್ಕರೆ ಮಾತ್ರ ಹಚ್ಚಿ ಸುಟ್ಟುಕೊಟ್ಟರು. ಕೌಸಾದ ತಟ್ಟೆಯನ್ನು ಅವರು ಪೂರ್ತಿ ಮುಗಿಸಿದರು. ಒಂದೇ ಒಂದು ಎಡವಟ್ಟು ಆಗುವುದರಲ್ಲಿತ್ತು: ಬಡಿಸುತ್ತಿದ್ದವರು ಅಭ್ಯಾಸಬಲದಿಂದ ಅಮ್ಮನ ಮುಂದೆಯೂ ಒಂದು ಬಟ್ಟಲು ಪೊನ್‌ಜು ಇಟ್ಟರು. 'ಸಾರಿನ ಪಾತ್ರೆ'ಯವರ ಮಾತು ನೆನಪಿದ್ದುದರಿಂದ ಕೇಳಿದೆ. ಅದರಲ್ಲಿ ಮೀನಿನ ಹೆರತ ಹಾಕಿದ್ದರು. ಕೂಡಲೇ ತೆಗೆದರು.

ಅಪ್ಪಯ್ಯ ಬ್ಲ್ಯಾಕ್ ಕಾಡ್ ಬಂದಾಗ ಚಾಪ್‌ಸ್ಟಿಕ್ಕನ್ನು ಪಕ್ಕಕ್ಕಿಟ್ಟು, ಬಲಗೈಯ ಎರಡು ಬೆರಳಿನಿಂದ ಒಂದು ಪದರ ಬಿಡಿಸಿ, ಬೆಳಕಿಗೆ ಹಿಡಿದು ನೋಡಿದರು. ಎಲ್ಲ ಮೀನಿಗೂ ಅವರು ಮಾಡುವುದು ಹಾಗೆಯೇ. "ಆಳದ ಮೀನು. ತಣ್ಣೀರಿನದು. ಇಷ್ಟು ತುಪ್ಪ ನಮ್ಮ ಕಡಲಿನ ಮೀನಿಗೆ ಬರುವುದಿಲ್ಲ" ಎಂದರು. ನಾನು ಒಂದು ಮಾತೂ ಹೇಳಿರಲಿಲ್ಲ. ಆಮೇಲೆ ಬಿಸಿ ಎಣ್ಣೆ ಸುರಿದ ಸಾಶಿಮಿಯನ್ನು ಎರಡು ತುಂಡು ತಿಂದರು. ತಿರಾದಿತೊವನ್ನು ಒಂದು ತುಂಡು ಬಾಯಿಗಿಟ್ಟು ನಿಧಾನವಾಗಿ ಅಗಿದು, ಚೆನ್ನಾಗಿದೆ ಆದರೆ ತನಗೆ ಸಾಕು ಎಂದು ತಟ್ಟೆಯನ್ನು ಅಳಿಯನ ಕಡೆ ಸರಿಸಿದರು. ಒತ್ತಾಯ ಮಾಡಲಿಲ್ಲ. ಬದಲಾಗಿ ಇನ್ನೊಂದು ಬ್ಲ್ಯಾಕ್ ಕಾಡ್ ತರಿಸಿದೆವು.

ಮೆನು ಮೇಜಿಗೆ ಬರಲೇ ಇಲ್ಲ. ಕಾರಿನಲ್ಲಿ ಹಿಂದಿರುಗುವಾಗ ಎಷ್ಟಾಯಿತೆಂದು ಅಪ್ಪಯ್ಯ ಕೇಳಿದರು. ಸುಳ್ಳು ಹೇಳಲು ಮನಸ್ಸಾಗದೆ ಹೇಳಿಬಿಟ್ಟೆ. ಅವರು ಬಹಳ ಹೊತ್ತು ಕಿಟಕಿಯ ಹೊರಗೆ ನೋಡುತ್ತಿದ್ದರು. ಬೇಸರವಾಯಿತೇನೋ ಎಂದು ನನಗೆ ಅಳುಕು. ಮನೆ ಹತ್ತಿರ ಬಂದಾಗ, "ಮೂರು ದಿನ ಇಟ್ಟ ಮೀನು ಹೀಗಿರುತ್ತದೆ ಎಂದರೆ ಬಂದರಿನಲ್ಲಿ ಯಾರೂ ನಂಬುವುದಿಲ್ಲ. ಅದು ಹೇಗೆ ಮಾಡುವುದು ಎಂದು ಕೇಳಿ ಬರೆದಿಡು" ಎಂದರು. ಅದನ್ನೇ ಈಗ 'ಒಲೆಯ ಮುಂದೆ'ಯವರನ್ನು ಕೇಳುತ್ತಿದ್ದೇನೆ. ಊರಿನಲ್ಲಿ ಅಂಜಲ್‌ನಿಂದ ಮಾಡಿದರೆ ಆದೀತೇ?

ಒಲೆಯ ಮುಂದೆ

ಓದಿ ಬಹಳ ಸಂತೋಷವಾಯಿತು. ಅಪ್ಪಯ್ಯನವರು ಮೀನಿನ ಕೊಬ್ಬನ್ನು 'ತುಪ್ಪ' ಎಂದದ್ದನ್ನು ನನ್ನ ಜೊತೆಗಾರರಿಗೂ ಹೇಳುತ್ತೇನೆ.

ಅಲ್ಲಿರುವಾಗಲೇ ಒಮ್ಮೆ ಮನೆಯಲ್ಲಿ ಮಾಡಿ ತೋರಿಸಿ. ಲಾಸ್ ಏಂಜಲೀಸ್ ಪಕ್ಕದ ಟೊರೆನ್ಸ್ ಕಡೆಯ ಜಪಾನಿ ಅಂಗಡಿಗಳಲ್ಲಿ ಸೇಬಲ್‌ಫಿಶ್, ಬಿಳಿ ಮಿಸೊ ಎರಡೂ ಸಿಗುತ್ತವೆ. ಕಾಲು ಕಪ್ ಸಾಕೆ, ಕಾಲು ಕಪ್ ಮಿರಿನ್ ಕುದಿಸಿ, ನಾಲ್ಕು ದೊಡ್ಡ ಚಮಚ ಮಿಸೊ ಕರಗಿಸಿ, ಮೂರು ದೊಡ್ಡ ಚಮಚ ಸಕ್ಕರೆ ಹಾಕಿ, ಪೂರ್ತಿ ಆರಿದ ಮೇಲೆಯೇ ಮೀನಿಗೆ ಹಚ್ಚಿ ಫ್ರಿಜ್‌ನಲ್ಲಿಡಿ. ಬಿಸಿ ಇರುವಾಗ ಹಚ್ಚಿದರೆ ಮೀನು ಕೆಡುತ್ತದೆ. ಊರಿನಲ್ಲಿ ಅಂಜಲ್ ಬೇಡ. ಅದರಲ್ಲಿ ಅಷ್ಟು ಕೊಬ್ಬಿಲ್ಲದ ಕಾರಣ ಒಣಗಿ ನಾರಾಗುತ್ತದೆ. ಬಂಗುಡೆಯನ್ನು ತೆಗೆದುಕೊಳ್ಳಿ, ಆದರೆ ಅದನ್ನು ದಿನಗಟ್ಟಲೆ ಇಡಬೇಡಿ, ಸುಡಲೂ ಬೇಡಿ. ಜಪಾನಿನ ಮನೆಗಳಲ್ಲಿ ಬಂಗುಡೆಯ ಜಾತಿಯದೇ ಆದ ಸಾಬಾ ಮೀನನ್ನು ಅದೇ ದಿನ ಮಿಸೊ, ಸಕ್ಕರೆ ಹಾಕಿದ ನೀರಿನಲ್ಲಿ ಸಣ್ಣ ಉರಿಯ ಮೇಲೆ ರಸ ಗಟ್ಟಿಯಾಗುವವರೆಗೆ ಬೇಯಿಸುತ್ತಾರೆ. ಮೊದಲು ತುಂಡುಗಳ ಮೇಲೆ ಒಮ್ಮೆ ಕುದಿನೀರು ಸುರಿದು ವಾಸನೆ ತೆಗೆಯಿರಿ, ಮತ್ತು ಹೆಬ್ಬೆರಳು ಗಾತ್ರದ ಶುಂಠಿಯನ್ನು ತೆಳ್ಳಗೆ ಹೆಚ್ಚಿ ತಳದಲ್ಲಿ ಹಾಸಿ. ಶುಂಠಿಯನ್ನು ಮಾತ್ರ ಬಿಡಬೇಡಿ.